ಎಡತುದಿಯ ಕೋರಸ್

ಪೆನ್‌ಡ್ರೈವ್ ಜೇಬಿನಲ್ಲೇ ಇದೆಯೇ ಎಂದು ಮಚ್ಛೇಂದ್ರ ಆ ಬೆಳಿಗ್ಗೆ ನಾಲ್ಕನೆಯ ಸಲ ಮುಟ್ಟಿ ನೋಡಿಕೊಂಡ. ಇತ್ತು. ಅಂಗಿಯ ಎಡಜೇಬಿನಲ್ಲಿ, ಪೇಟಿಯ ಪೆಟ್ಟಿಗೆಯ ಬೀಗದ ಕೈಯ ಜೊತೆ. ಎರಡೂ ಲೋಹದವು, ಹೆಜ್ಜೆ ಹಾಕಿದಾಗಲೆಲ್ಲ ಒಂದಕ್ಕೊಂದು ತಾಗಿ ಕಿಣ್ ಎನ್ನುತ್ತಿದ್ದವು. ಮನೆಯಲ್ಲಿ ಬಿಟ್ಟು ಬಂದರೆ ಹೆಂಡತಿ ಶಾಲುಬಾಯಿ ಯಾರ ಕೈಗಾದರೂ ಕೊಟ್ಟುಬಿಟ್ಟಾಳು ಎಂಬ ಭಯ. ಎಸೆಯೋಣವೆಂದರೆ ಕೈ ಬರುವುದಿಲ್ಲ. ಹೀಗಾಗಿ ಇಪ್ಪತ್ತು ದಿನದಿಂದ ಅದನ್ನು ಎದೆಯ ಮೇಲೆ ಹೊತ್ತು ತಿರುಗುತ್ತಿದ್ದ. ಬೀದರ್ ಬಸ್ ನಿಲ್ದಾಣದಲ್ಲಿ ಭಾಲ್ಕಿ ಬಸ್ಸು ಬಂದಾಗ ಉದ್ದನೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹತ್ತಿದ. ಇದೇನು ಹೆಣದ ಪೆಟ್ಟಿಗೆಯೇ, ಮೇಲೆ ಹಾಕು ಎಂದ ಕಂಡಕ್ಟರ್. ನಾಲ್ಕು ಜನ ನಕ್ಕರು. ಒಂಬತ್ತು ವರ್ಷದಿಂದ ಇದೇ ಮಾತನ್ನು ಬೇರೆ ಬೇರೆ ಕಂಡಕ್ಟರುಗಳ ಬಾಯಲ್ಲಿ ಕೇಳಿದ್ದರೂ ಇವತ್ತು ಮುಖ ಬಿಸಿಯಾಯಿತು. ಮೇಲೆ ಹಾಕುವುದಿಲ್ಲ ಎಂದು ಹೇಳಿ, ಪೆಟ್ಟಿಗೆಯನ್ನು ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿ, ಅದನ್ನು ತಬ್ಬಿಕೊಂಡು ತಾನೂ ನಿಂತ. ಸೀಟು ಖಾಲಿ ಇತ್ತು. ಕೂರಲಿಲ್ಲ. ನಗುವವರು ನಗಲಿ, ಇದರೊಳಗೆ ಏನಿದೆ ಎಂದು ಇವರಿಗೇನು ಗೊತ್ತು ಎಂದುಕೊಂಡ. ಈ ಮಾತನ್ನು ಅವನು ದಿನಕ್ಕೆ ಹತ್ತು ಸಲವಾದರೂ ಅಂದುಕೊಳ್ಳುತ್ತಿದ್ದ, ಯಾರಿಗೂ ಒಂದು ಸಲವೂ ಹೇಳಿರಲಿಲ್ಲ.

ಒಳಗಿದ್ದದ್ದು ಕಾಶೀರಾಮನ ಗಾಯನ ಪಾರ್ಟಿಯ ಕೀಬೋರ್ಡು. ಕಂಪನಿ ಅದಕ್ಕೆ ವರ್ಕ್‌ಸ್ಟೇಷನ್ ಎಂದು ಹೆಸರಿಟ್ಟಿತ್ತು. ಪಾರ್ಟಿಯ ಜನ ಹಾರ್ಮೋನಿಯಮ್ಮಿಗೆ ಅನ್ನುವ ಹಾಗೆ ಇದಕ್ಕೂ ದೊಡ್ಡ ಪೇಟಿ ಎನ್ನುತ್ತಿದ್ದರು. ಪೇಟಿ ಪಾರ್ಟಿಯದು, ಬೆರಳು ಮಚ್ಛೇಂದ್ರನದು, ಮೊದಲು ಹಾರ್ಮೋನಿಯಮ್ಮಿನ ಮೇಲೆ, ಒಂಬತ್ತು ವರ್ಷದಿಂದ ಇದರ ಮೇಲೆ. ಏಪ್ರಿಲ್ ಹದಿನಾಲ್ಕರ ಜಯಂತಿಯೋ, ಬುದ್ಧ ಪೂರ್ಣಿಮೆಯೋ, ನಾಮಕರಣವೋ, ಕಾಶೀರಾಮ ಮುಂದೆ ನಿಂತು ಹಾಡಿದರೆ ಎಡಗಡೆ ಕೂತು ನುಡಿಸುವವನು ಇವನೇ ಎಂದು ಜಿಲ್ಲೆಗೇ ಗೊತ್ತಿತ್ತು. ಈ ಜನವರಿಯಲ್ಲಿ ಕಾಶೀರಾಮ ಅದೇ ಕಂಪನಿಯ ಹೊಸ ಮಾಡೆಲ್ ತರಿಸಿದ. ಇವನಿಗೆ ಒಂದು ಮಾತೂ ಹೇಳಲಿಲ್ಲ. ಭಾಲ್ಕಿಯಲ್ಲಿ ಅವನ ಮನೆಗೆ ಹೋದಾಗ ಪಡಸಾಲೆಯಲ್ಲಿ ಖಾಲಿ ರಟ್ಟಿನ ಡಬ್ಬಿ ಕಂಡಿತು, ಅದರ ಪಕ್ಕದಲ್ಲಿ ಕಾಶೀರಾಮನ ಅಳಿಯ ನರಸಿಂಗ ಮೊಣಕಾಲೂರಿ ವೈರು ಬಿಡಿಸುತ್ತಿದ್ದ. ಮೂವತ್ತು ವರ್ಷದ ಅಳಿಯ, ಊರಲ್ಲಿ ಮೊಬೈಲ್ ಅಂಗಡಿ, ಬಹಳ ಮರ್ಯಾದೆಯ ಮಾತು. ಬರ್ರಿ ಮಾಮಾ, ನೀವೇ ಮೊದಲು ಬಾರಿಸ್ರಿ ಎಂದ. ಮಚ್ಛೇಂದ್ರ ಬಾರಿಸಿದ. ಕಪ್ಪು ಬಿಳಿ ಪಟ್ಟಿಗಳು ಬೆಣ್ಣೆಯ ಹಾಗೆ ಬೆರಳ ಕೆಳಗೆ ಇಳಿದವು, ಅದಕ್ಕೇ ಅವನಿಗೆ ಸಿಟ್ಟು ಬಂತು. ಪಾರ್ಟಿಯಲ್ಲಿ ಇನ್ನು ಎರಡು ಪೇಟಿ ಇರುತ್ತವೇನು ಎಂದು ಕೇಳಿದ್ದಕ್ಕೆ ಕಾಶೀರಾಮ ಕಿಟಕಿಯ ಕಡೆ ನೋಡುತ್ತ, ಜೀಪಿನಲ್ಲಿ ಜಾಗ ಎಲ್ಲಿದೆ ಎಂದಷ್ಟೇ ಅಂದ. ಅಷ್ಟರಲ್ಲಿ ಎಲ್ಲ ಹೇಳಿದಂತಾಯಿತು.

ಆದರೆ ಒಂದು ತೊಡಕಿತ್ತು, ಆ ತೊಡಕೇ ಮಚ್ಛೇಂದ್ರನ ಅನ್ನ. ಕೋರಸ್ ಇದ್ದದ್ದು ಹಳೆಯ ಪೇಟಿಯಲ್ಲಿ. ಅದರ ಎಡತುದಿಯ ಪಟ್ಟಿ ಒತ್ತಿದರೆ ರೆಕಾರ್ಡ್ ಮಾಡಿಟ್ಟ ಮೂರು ಜನರ ಧ್ವನಿ ಒಟ್ಟಿಗೆ ಏಳುತ್ತಿತ್ತು, ಜೀ ಜೀ ರ ಜೀ ಎಂದು. ಮುಂದೆ ನಿಂತು ಹಾಡುವ ಶಾಹಿರ ಒಂದು ನುಡಿ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಹಿಂದೆ ನಿಂತವರು ಕೊಡುವ ಆಸರೆ ಅದು. ಅದಿಲ್ಲದಿದ್ದರೆ ಕಾಶೀರಾಮನಂಥ ಕಾಶೀರಾಮನೂ ಬಯಲಲ್ಲಿ ಒಬ್ಬನೇ ಒದರುವವನ ಹಾಗೆ ಕಾಣುತ್ತಿದ್ದ. ಆ ಧ್ವನಿಗಳನ್ನು ಹೊಸ ಪೇಟಿಗೆ ಹಾಕಲು ನರಸಿಂಗ ಏನೆಲ್ಲ ತಿಪ್ಪರಲಾಗ ಹಾಕಿದರೂ ಹೊಸದು ಹಳೆಯದರ ಫೈಲನ್ನು ಓದಲಿಲ್ಲ, ವೈರು ಹಾಕಿ ತುಂಬಿದರೆ ಧ್ವನಿ ತಗಡಿನ ಡಬ್ಬಿಯೊಳಗಿನಿಂದ ಬಂದ ಹಾಗೆ ಕೇಳಿಸುತ್ತಿತ್ತು. ಇಲ್ರಿ, ಆಗೂದೇ ಇಲ್ಲ, ಕಂಪನಿಯವರೇ ಬಂದರೂ ಆಗೂದಿಲ್ಲ ಎಂದು ಮಚ್ಛೇಂದ್ರ ಹೇಳಿದಾಗ ಅವನ ದನಿಯಲ್ಲಿದ್ದ ಖುಷಿ ಅವನಿಗೇ ನಾಚಿಕೆ ತಂದಿತು. ಹೀಗೆ ಹೊಸ ಪೇಟಿಯ ಪಕ್ಕದಲ್ಲಿ ಹಳೆಯದೂ, ಹಳೆಯದರ ಹಿಂದೆ ಅವನೂ, ಒಂದು ಪಟ್ಟಿ ಒತ್ತುವುದಕ್ಕಾಗಿ ಉಳಿದರು. ಆಮೇಲೆ ಏಪ್ರಿಲ್ ಕೊನೆಯಲ್ಲಿ, ಬೀದರಿನ ಸೈಬರ್ ಅಂಗಡಿಯಲ್ಲಿ ಕೂತು ಕಂಪನಿಯ ಪುಟ ತೆರೆದಾಗ ಕಂಡಿತು: ಹಳೆಯ ಮಾಡೆಲಿಗೆ ಇದೇ ಕೊನೆಯ ಅಪ್‌ಡೇಟ್. ಇದನ್ನು ಹಾಕಿದರೆ ಹಳೆಯದರಲ್ಲಿ ರೆಕಾರ್ಡ್ ಮಾಡಿಟ್ಟ ಧ್ವನಿಗಳನ್ನು ಹೊಸ ಮಾಡೆಲಿಗೆ ಸಾಗಿಸಬಹುದು. ಅಕ್ಷರ ಅಕ್ಷರ ಕೂಡಿಸಿ ಮೂರು ಸಲ ಓದಿದ. ಹೊಸದು ಬಂದ ಮೇಲೆ ಹಳೆಯದರ ಮೇಲೆ ಕಂಪನಿಗೆ ಬಂದ ಕರುಣೆ ಎಂಥದ್ದು ನೋಡು, ಸಾಯುವ ಮೊದಲು ಎಲ್ಲ ಮಗನಿಗೆ ಬರೆದುಕೊಟ್ಟು ಸಾಯಿ ಎನ್ನುವ ಕರುಣೆ. ಡೌನ್‌ಲೋಡ್ ಮಾಡಿಕೊಂಡ. ಪೆನ್‌ಡ್ರೈವಿಗೆ ಬಿಳಿ ಟೇಪು ಸುತ್ತಿ, ತನ್ನ ದುಂಡು ಅಕ್ಷರದಲ್ಲಿ ಅಪ್‌ಡೇಟ್ ಎಂದೂ ಕೆಳಗೆ ತಾರೀಖನ್ನೂ ಬರೆದ. ಯಾವ ವಸ್ತುವಿಗೂ ಹೆಸರು ಬರೆಯದೆ ಇಡುವ ಅಭ್ಯಾಸ ಅವನಿಗಿಲ್ಲ. ಕಾಶೀರಾಮನಿಗೆ ಫೋನು ಮಾಡಿ, ನೋಡಿದೆರಿ, ಹಳೇದಕ್ಕ ಏನೂ ಬಂದಿಲ್ಲ ಎಂದ.

ಬಸ್ಸು ನಗರ ದಾಟಿತು. ಎರಡನೆಯ ಬರದ ವರ್ಷ ಅದು. ಹೊಲಗಳಲ್ಲಿ ತೊಗರಿಯ ಕಡ್ಡಿಗಳೂ ಉಳಿದಿರಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಲಾತೂರಿಗೆ ರೈಲಿನಲ್ಲಿ ನೀರು ಬಂದ ಸುದ್ದಿ ಹೇಳುತ್ತಿದ್ದರು. ಕಳೆದ ದೀಪಾವಳಿಯ ಮುಂದೆ ಕೋರಸ್ಸಿನ ಮೂವರೂ ಹೊರಟು ನಿಂತಿದ್ದರು. ಧೊಂಡಿಬಾ ಪುಣೆಯ ಕಡೆ, ಜನಾಬಾಯಿ ಮಗಳ ಜೊತೆ ಕಬ್ಬು ಕಡಿಯಲು, ಮೀರಾಬಾಯಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ಜಯಂತಿಗೆ ಬರ್ತೇವಿ, ನಮ್ಮ ಜಾಗಾ ಇಟ್ಟಿರ್ರಿ ಎಂದಿದ್ದರು. ಕಾಶೀರಾಮ ಮಚ್ಛೇಂದ್ರನನ್ನು ಪಕ್ಕಕ್ಕೆ ಕರೆದು, ಇವರು ಬರಲಿ ಬಿಡಲಿ, ಧ್ವನಿ ಹಿಡಿದಿಟ್ಟುಕೊಂಡುಬಿಡು ಎಂದ. ಬೀದರಿನ ಮೈಲೂರು ಓಣಿಯಲ್ಲಿ, ಇವನ ಮನೆಯ ಒಳಕೋಣೆಯಲ್ಲಿ ಗೋಡೆಗೆಲ್ಲ ಕೌದಿ ನೇತುಹಾಕಿ, ಮೂವರನ್ನೂ ನಿಲ್ಲಿಸಿ, ಪೇಟಿಯ ರೆಕಾರ್ಡಿಂಗಿನ ಕೆಂಪು ದೀಪ ಹತ್ತಿಸಿದ. ಏನಪಾ ಇದು ಎಂದು ಮೀರಾಬಾಯಿ ಕೇಳಿದಳು. ಪ್ರ್ಯಾಕ್ಟೀಸಿಗೆ ಅಕ್ಕಾ, ನೀವಿಲ್ಲದಾಗ ನಾನು ಕೈ ಕೂಡಿಸಬೇಕಲ್ಲ ಎಂದ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವಳು ನಂಬಿದಳು ಎನ್ನುವುದಕ್ಕಿಂತ, ನಂಬದೇ ಇರಲು ಅವಳಿಗೆ ಕಾರಣವಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು. ಕೊನೆಯ ಜೀ ಎನ್ನುವಾಗ ಅವಳು ಅಭ್ಯಾಸಬಲದಿಂದ ಕೈ ಎತ್ತಿ ಕಿವಿಗೆ ಹಿಡಿದಳು, ಬಳೆ ಸದ್ದಾಯಿತು. ಆ ಸದ್ದನ್ನು ಕತ್ತರಿಸಲು ಅವನು ಮೂರು ದಿನ ಹೆಣಗಿದ, ಕತ್ತರಿಸಿದರೆ ಧ್ವನಿಯ ಬಾಲವೂ ಹೋಗುತ್ತಿತ್ತು. ಬಳೆ ಉಳಿಯಿತು. ಜಯಂತಿಯ ದಿನ ಬೀದರಿನ ಮೈದಾನದಲ್ಲಿ ನುಡಿಗೊಮ್ಮೆ ಪಟ್ಟಿ ಒತ್ತಿದ. ನುಡಿಗೊಮ್ಮೆ ಅದೇ ಧ್ವನಿ, ಅದೇ ಎತ್ತರ, ಕೊನೆಯಲ್ಲಿ ಅದೇ ಬಳೆ. ಮುಂದೆ ಕೂತ ಹೆಂಗಸರು ಕೋರಸ್ಸಿನವರು ಎಲ್ಲಿ ಎಂದು ವೇದಿಕೆಯ ಹಿಂದೆ ಮುಂದೆ ಇಣುಕುತ್ತಿದ್ದರು. ಮೀರಾಬಾಯಿ ಅವರ ನಡುವೆಯೇ ಕೂತಿದ್ದಳು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಹೈದರಾಬಾದಿನಿಂದ ಬಂದವಳಿಗೆ ಕಾಶೀರಾಮ, ಈ ಸಲ ಅವಶ್ಯಕತೆ ಬೀಳಲಿಲ್ಲ ಎಂದು ಹೇಳಿ ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಿಸಿದ್ದ.

ಮರುದಿನ ಅವಳು ಇವನ ಮನೆಗೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದ, ಬೈಸಿಕೊಳ್ಳಲು ತಯಾರಾಗಿಯೂ ಇದ್ದ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಅವಳು ಬಾಗಿಲಲ್ಲೇ ಕೂತು, ಇನ್ನೊಮ್ಮೆ ಕೇಳಿಸು ಎಂದಳು. ಪಟ್ಟಿ ಒತ್ತಿದ. ಇನ್ನೊಮ್ಮೆ ಎಂದಳು. ಮೂರನೆಯ ಸಲ ಮುಗಿದ ಮೇಲೆ ತನ್ನ ಮುಂಗೈ ನೋಡಿಕೊಂಡಳು. ಸಿಮೆಂಟು ತಿಂದ ಕೈ, ಒಂದೂ ಬಳೆ ಇರಲಿಲ್ಲ. ಕೆಲಸದಲ್ಲಿ ಒಡೆದಿದ್ದವೋ ಏನೋ. "ಪ್ರ್ಯಾಕ್ಟೀಸಂತ ಅಂದಿದ್ದಿ ನೀ," ಎಂದಳು. ಶಾಲುಬಾಯಿ ತಂದಿಟ್ಟ ಚಹಾ ಹಾಗೇ ತಣ್ಣಗಾಯಿತು. ಅವಳು ಹೋದ ಮೇಲೆ ಮಚ್ಛೇಂದ್ರ ಹೆಂಡತಿಯ ಮೇಲೆ ರೇಗಿದ, ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತು ಎಂದು. ಅವತ್ತಿನಿಂದ ಅವನಿಗೆ ಮೀರಾಬಾಯಿಯ ಮೇಲೆ ಒಂದು ಥರದ ದ್ವೇಷ. ತಾನು ಮೋಸ ಮಾಡಿದವರನ್ನು ಕ್ಷಮಿಸುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಬಳೆ ಸದ್ದಾದಾಗಲೆಲ್ಲ ಅವನ ಹಲ್ಲು ಜುಮ್ಮೆನ್ನುತ್ತಿತ್ತು, ಆದರೂ ಆ ಬಳೆಯೇ ಅವನನ್ನು ಪಾರ್ಟಿಯಲ್ಲಿ ಉಳಿಸಿತ್ತು.

ಭಾಲ್ಕಿಯಲ್ಲಿ ಇಳಿದು ಪೆಟ್ಟಿಗೆ ಹೊತ್ತು ಕಾಶೀರಾಮನ ಮನೆ ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಸಂಜೆ ಐದಕ್ಕೆ ಔರಾದದಲ್ಲಿ ಪೂರ್ಣಿಮೆಯ ಕಾರ್ಯಕ್ರಮ. ಕಾಶೀರಾಮ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ, ಮೀಸೆಗೆ ಆಗಲೇ ಬಣ್ಣ ಹಚ್ಚಿಕೊಂಡಿದ್ದ. ಕುಡಿಯಲು ಅರ್ಧ ಲೋಟ ನೀರು ಕೊಟ್ಟರು. ಬರದ ವರ್ಷ ಎಲ್ಲರಿಗೂ ಅರ್ಧವೇ, ಆದರೂ ಮಚ್ಛೇಂದ್ರ ನರಸಿಂಗನ ಲೋಟದ ಕಡೆ ನೋಡಿದ. ಅದು ತುಂಬಿತ್ತು. ನರಸಿಂಗ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದ. ತೆರೆಯ ಮೇಲೆ ಕಂಪನಿಯ ಅದೇ ಪುಟ ಇತ್ತು.

"ಮಾಮಾ, ಅಪ್‌ಡೇಟ್ ಬಂದು ಇಪ್ಪತ್ತು ದಿನ ಆಗ್ಯಾದಂತ. ನೀವು ನೋಡಿದ್ದಿಲ್ಲೇನ್ರಿ?"

ಆಗ ನೋಡಿದಾಗ ಇರಲಿಲ್ಲ, ಆಮೇಲೆ ನೋಡಿಲ್ಲ ಎಂದ ಮಚ್ಛೇಂದ್ರ. ನನ್ನ ಮನೆಯ ಕಡೆ ನೆಟ್‌ವರ್ಕ್ ಸರಿ ಇರುವುದಿಲ್ಲ ಎಂದೂ ಸೇರಿಸಿದ. ಸೇರಿಸಬಾರದಿತ್ತು ಎಂದು ಆ ಕ್ಷಣವೇ ಅನಿಸಿತು. ಕಾಶೀರಾಮ ಹಲ್ಲಿನಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ತೆಗೆಯುತ್ತಿದ್ದ. ಜೇಬಿನ ಪೆನ್‌ಡ್ರೈವ್ ಒಮ್ಮೆಲೇ ಸೇರು ಕಲ್ಲಿನಷ್ಟು ಭಾರವಾಯಿತು. ನರಸಿಂಗ ಅಪ್‌ಡೇಟ್ ತುಂಬಿದ್ದ ತನ್ನದೇ ಪೆನ್‌ಡ್ರೈವನ್ನು ಹಳೆಯ ಪೇಟಿಗೆ ಚುಚ್ಚಿ, ನಿಮ್ಮ ಪೇಟಿ, ನೀವೇ ಒತ್ತರಿ, ನಾ ಚಾರ್ಜರ್ ತರ್ತೇನಿ ಎಂದು ಒಳಗೆ ಹೋದ. ಆ ಮರ್ಯಾದೆಯೇ ಅವನನ್ನು ಕೊಂದಿತು. ಹೊರಗೆ ಹಾಕಿಸಿಕೊಳ್ಳುವವನ ಕೈಯಿಂದಲೇ ಬಾಗಿಲು ತೆರೆಸುವ ಮರ್ಯಾದೆ. ಪೇಟಿಯ ಪುಟ್ಟ ತೆರೆಯ ಮೇಲೆ ಅಕ್ಷರಗಳು ಮೂಡಿದವು: ನೀವು ತುಂಬಿಟ್ಟದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಉಳಿಸಿಕೊಳ್ಳಬೇಕೇ? ಕೆಳಗೆ ಎರಡು ಗುಂಡಿ, ಹೌದು, ಇಲ್ಲ. ಒಂಬತ್ತು ವರ್ಷದಲ್ಲಿ ಈ ಪೇಟಿ ಅವನನ್ನು ಇಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಬಳೆಯಿಲ್ಲದ ಆ ಮುಂಗೈ ನೆನಪಾಯಿತು. ಅವಳ ಧ್ವನಿಯನ್ನು ಅವಳಿಗೆ ಬಿಟ್ಟುಕೊಟ್ಟಂತಾಗುತ್ತದೆ, ಅವಳ ಜಾಗ ಅವಳಿಗೆ ಮರಳುತ್ತದೆ ಎಂದುಕೊಂಡ. ಅದು ಒಳ್ಳೆಯ ವಿಚಾರ, ಅದರ ಮರೆಯಲ್ಲಿ ಕೂತು ಅವನು ಇಲ್ಲ ಎಂಬ ಗುಂಡಿ ಒತ್ತಿದ. ಒತ್ತಿದ ಬೆರಳಿಗೆ ಮಾತ್ರ ನಿಜ ಗೊತ್ತಿತ್ತು: ನನಗಿಲ್ಲದ್ದು ನಿಮಗೂ ಬೇಡ. ತೆರೆಯ ಮೇಲೆ ಒಂದು ಪಟ್ಟೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬಿತು. ನರಸಿಂಗ ಚಾರ್ಜರ್ ಹಿಡಿದು ಬಂದು ಎಡತುದಿಯ ಪಟ್ಟಿ ಒತ್ತಿದಾಗ ಬರೀ ಪಟ್ಟಿ ಬಡಿದ ಟಕ್ ಸದ್ದು ಕೇಳಿಸಿತು. ತಾನೇ ಹೋಗೇದ, ಕಂಪನಿಯವರ ತಪ್ಪು ಎಂದು ಮಚ್ಛೇಂದ್ರ ಹೇಳಿದ. ನರಸಿಂಗ ಮಾವ ಕಾಶೀರಾಮನ ಮುಖ ನೋಡಿದ. ಮಾವ ಹಲ್ಲುಕಡ್ಡಿ ಎಸೆದು, ಮೀರಾಗ ಫೋನ್ ಹಚ್ಚು ಎಂದು ಮಚ್ಛೇಂದ್ರನಿಗೇ ಹೇಳಿದ.

ಅಂಗಳಕ್ಕೆ ಬಂದು ಬೇವಿನ ಗಿಡದ ಕೆಳಗೆ ನಿಂತು ಫೋನ್ ಮಾಡಿದ. ಎದೆ ಒಂದು ಥರ ಹಗುರವಾಗಿತ್ತು, ಸಾಲ ತೀರಿಸಲು ಹೋಗುವವನ ಹಾಗೆ. ಅಕ್ಕಾ, ಇವತ್ತು ಔರಾದಕ್ಕೆ ಬಾ, ನಿನ್ನ ಜಾಗ ನಿನಗೇ ಎಂದ. ಆ ಕಡೆಯಿಂದ ಬಸ್ಸಿನ ಸದ್ದು ಬರುತ್ತಿತ್ತು. ಜಹೀರಾಬಾದ್ ದಾಟಿದೆ, ಹೈದರಾಬಾದಿಗೆ ಹೊರಟಿದ್ದೇನೆ, ಮೇಸ್ತ್ರಿ ಕರೆದಿದ್ದಾನೆ ಎಂದಳು. ಅವನಿಗೆ ತಡೆಯಲಾಗಲಿಲ್ಲ. ಪೇಟಿಯೊಳಗಿದ್ದ ಧ್ವನಿ ಅಳಿಸಿ ಹೋಗಿದೆ ಎಂದು ಹೇಳಿದ.

"ನನ್ನ ಬಳೀನೂ ಹೋತಾ?"

"ಎಲ್ಲಾ ಹೋಗೇದ ಅಕ್ಕಾ. ನಾನೇ..."

"ನನ್ನ ಸಲುವಾಗಿ ಮಾಡೀನಂತ ಮಾತ್ರ ಅನಬ್ಯಾಡ ಮಚ್ಛೇಂದ್ರ." ಅವಳ ದನಿ ಏರಲಿಲ್ಲ. "ಧೊಂಡಿಬಾ ಕಾಕಾ ಹೋದ ತಿಂಗಳ ಪುಣೆದಾಗ ತೀರಿಕೊಂಡ. ಅವನ ಧ್ವನಿ ಅದೊಂದರಾಗ ಇತ್ತು."

ಫೋನ್ ಕಟ್ಟಾಯಿತು. ಅವಳು ಇಟ್ಟಳೋ, ಬಸ್ಸು ತಗ್ಗಿಗಿಳಿಯಿತೋ. ಮಚ್ಛೇಂದ್ರ ಕಿವಿಗೆ ಹಿಡಿದ ಫೋನ್ ಹಾಗೇ ಹಿಡಿದುಕೊಂಡು ನಿಂತ. ಧೊಂಡಿಬಾ ಸತ್ತದ್ದು ತನಗೆ ಯಾರೂ ಯಾಕೆ ಹೇಳಲಿಲ್ಲ ಎಂದು ಮೊದಲು ಸಿಟ್ಟು ಬಂತು, ಆಮೇಲೆ, ತಾನು ಅವನ ಬಗ್ಗೆ ಯಾರನ್ನಾದರೂ ಕೇಳಿದ್ದುಂಟೇ ಎಂದು ನಾಚಿಕೆಯಾಯಿತು. ಮೂವರಲ್ಲಿ ಮುದುಕನ ಧ್ವನಿ ಎಲ್ಲಕ್ಕಿಂತ ಕೆಳಗೆ, ಒರಟಾಗಿ, ಕಂಬಳಿಯ ಹಾಗೆ ಹಾಸಿರುತ್ತಿತ್ತು. ಇಷ್ಟು ದಿನ ಅವನು ಬಳೆಯನ್ನಷ್ಟೇ ಕೇಳಿದ್ದ. ಉಳಿಸಿಕೊಳ್ಳಬೇಕೇ ಎಂದು ಪೇಟಿ ಕೇಳಿತ್ತು. ಯಂತ್ರಕ್ಕಿದ್ದ ಅಷ್ಟು ವಿವೇಕ ತನಗೆ ಇರಲಿಲ್ಲವಲ್ಲ ಎಂದು ಗಿಡದ ಬೊಡ್ಡೆಗೆ ಒದ್ದ. ಚಪ್ಪಲಿಯ ಉಂಗುಷ್ಟ ಕಿತ್ತುಬಂತು.

ಜೀಪಿನಲ್ಲಿ ಅವನಿಗೆ ಹಿಂದೆ, ಸ್ಪೀಕರುಗಳ ನಡುವೆ ಜಾಗ ಸಿಕ್ಕಿತು. ಡ್ರೈವರ್ ಉಸ್ಮಾನ ಮಿಯಾ ಹಳೆಯ ಪೇಟಿಯ ಪೆಟ್ಟಿಗೆಯನ್ನು ಕಾಶೀರಾಮನ ಮನೆಯಲ್ಲೇ ಬಿಟ್ಟು ಬಂದಿದ್ದ. ಬಿಡಲು ಹೇಳಿದವರು ಯಾರು ಎಂದು ಮಚ್ಛೇಂದ್ರ ಕೇಳಲಿಲ್ಲ. ಹರಿದ ಚಪ್ಪಲಿಯನ್ನು ಕಾಲಿನ ಬೆರಳುಗಳಿಂದ ಹಿಡಿದುಕೊಂಡು ಕೂತ. ಮಾಂಜ್ರಾದ ಸೇತುವೆಯ ಮೇಲೆ ಹೋಗುವಾಗ ಕೆಳಗೆ ಹೊಳೆಯ ಮರಳಿನಲ್ಲಿ ಜನ ಒರತೆ ತೋಡುತ್ತಿದ್ದರು. ಎದುರಿನಿಂದ ಗಂಟುಮೂಟೆ, ಕೋಳಿ, ಪಾತ್ರೆ ಕಟ್ಟಿಕೊಂಡ ಒಂದು ಟೆಂಪೊ ಬಂದು ಹಾದುಹೋಯಿತು, ಅದರಲ್ಲಿ ಕೂತವರು ಯಾರ ಕಡೆಯೂ ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಮಾವ ಅಳಿಯ ಮೆಲ್ಲಗೆ ಮಾತಾಡುತ್ತಿದ್ದರು. ತನ್ನ ಬಗ್ಗೆಯೇ ಎಂದು ಅವನಿಗೆ ಖಾತ್ರಿ. ಕಿವಿಗೊಟ್ಟು ಕೇಳಿದ, ಡೀಸೆಲ್ ಬಗ್ಗೆ ಮಾತಾಡುತ್ತಿದ್ದರು. ಅದೂ ಅವಮಾನವೇ ಅನಿಸಿತು. ನನ್ನನ್ನು ಬೈಯಲಿಕ್ಕೂ ಇವರಿಗೆ ಪುರುಸೊತ್ತಿಲ್ಲ.

ಔರಾದದಲ್ಲಿ ಶಾಮಿಯಾನದ ಕೆಳಗೆ ವೇದಿಕೆ ಸಿದ್ಧವಾಗಿತ್ತು. ಎಡಗಡೆ, ಒಂಬತ್ತು ವರ್ಷ ಅವನು ಕೂತ ಜಾಗದಲ್ಲಿ, ನರಸಿಂಗ ಹೊಸ ಪೇಟಿ ಜೋಡಿಸಿದ. ಇವತ್ತ ನೀನೇ ಹಿಂದ ನಿಂದ್ರು ಎಂದು ಕಾಶೀರಾಮ ಹೇಳಿದ್ದ, ಅದಕ್ಕೇ ಮಚ್ಛೇಂದ್ರ ಮೀರಾಬಾಯಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಕಾರ್ಯಕ್ರಮ ಸುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಧ್ವನಿ ಬಿದ್ದು ಹೋಗದಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಶ್ರುತಿ ಹಿಡಿದುಕೊಂಡ. ವಿಚಿತ್ರವೆಂದರೆ, ಅವನಿಗೆ ಸಣ್ಣಗೆ ಖುಷಿಯಾಗತೊಡಗಿತು. ಜನಾಬಾಯಿ ಕಬ್ಬಿನ ಕಡೆಯಿಂದ ಇನ್ನೂ ತಿರುಗಿ ಬಂದಿಲ್ಲ, ಕೋರಸ್ಸಿಗೆ ಇನ್ನು ಯಾರೂ ಇಲ್ಲ, ತಾನೊಬ್ಬನೇ. ಕುಂಡ್ರುವವನಿಗೆ ಜಾಗವಿಲ್ಲದಿದ್ದರೂ ನಿಂತವನಿಗೆ ಜಾಗ ಇದ್ದೇ ಇದೆ. ನರಸಿಂಗ ಮೈಕ್ ಹಿಡಿದು ಹತ್ತಿರ ಬಂದ.

"ಮಾಮಾ, ಒಮ್ಮೆ ಜೀ ಜೀ ಅನ್ರಿ. ಪ್ರ್ಯಾಕ್ಟೀಸಿಗೆ."

ಮೈಕಿನ ವೈರು ನೆಲದ ಮೇಲೆ ಹರಿದು ಹೊಸ ಪೇಟಿಯ ಬೆನ್ನಿಗೆ ಹೋಗಿತ್ತು. ಅದರ ಮೇಲೆ ಕೆಂಪು ದೀಪ ಹತ್ತಿತ್ತು. ಮಚ್ಛೇಂದ್ರ ದೀಪ ನೋಡಿದ, ನರಸಿಂಗನ ಮುಖ ನೋಡಿದ. ಆ ಮುಖದಲ್ಲಿ ಕೆಟ್ಟತನ ಏನೂ ಇರಲಿಲ್ಲ. ಕೌದಿ ನೇತುಹಾಕಿದ ದಿನ ತನ್ನ ಮುಖವೂ ಹೀಗೇ ಇದ್ದಿರಬೇಕು. ಇಲ್ಲ ಅನ್ನಬಹುದಿತ್ತು. ಅನ್ನಲು ಬಾಯಿ ತೆರೆದಾಗ ಬಾಯಿಂದ ಜೀ ಜೀ ರ ಜೀ ಹೊರಟಿತು, ಮತ್ತು ಕೊನೆಯ ಜೀಗೆ, ಯಾಕೆಂದು ಅವನಿಗೇ ಗೊತ್ತಿಲ್ಲ, ಕೈ ಎತ್ತಿ ಕಿವಿಗೆ ಹಿಡಿದ. ಜೇಬಿನಲ್ಲಿ ಕಿಣ್ ಎಂದಿತು.

ನರಸಿಂಗ ತಲೆಯಾಡಿಸಿ, ಜೇಬಿನಾಗಿಂದು ತೆಗೀರಿ ಮಾಮಾ, ಸದ್ದು ಸೇರ್ತದ ಎಂದ. ಮಚ್ಛೇಂದ್ರ ಬೀಗದ ಕೈಯನ್ನಷ್ಟೇ ತೆಗೆಯಲು ನೋಡಿದ. ಬೆವರಿಗೆ ಬಿಳಿ ಟೇಪು ಅಂಟಿ ಎರಡೂ ಒಟ್ಟಿಗೇ ಬಂದವು. ಕಾಶೀರಾಮ ಕೈ ಚಾಚಿದ. ಪೆನ್‌ಡ್ರೈವನ್ನು ಕಣ್ಣಿನ ಹತ್ತಿರ ಹಿಡಿದು ಆ ದುಂಡು ಅಕ್ಷರ ಓದಿದ, ಕೆಳಗಿನ ತಾರೀಖನ್ನೂ ಓದಿದ. ಶಾಮಿಯಾನದ ಹಿಂದೆ ಟ್ಯಾಂಕರಿನ ಮುಂದೆ ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು. ಈಗಲಾದರೂ ಬೈಯಲಿ ಎಂದು ಮಚ್ಛೇಂದ್ರ ಕಾದ. ಕಾಶೀರಾಮ ಪೆನ್‌ಡ್ರೈವನ್ನು ಅವನ ಜೇಬಿನೊಳಗೆ ವಾಪಸು ಇಳಿಬಿಟ್ಟು, ಮೇಲಿನಿಂದ ಒಮ್ಮೆ ತಟ್ಟಿದ. ಬೀಗದ ಕೈ ಮಾತ್ರ ತನ್ನಲ್ಲೇ ಇಟ್ಟುಕೊಂಡ.

"ಇನ್ನೊಮ್ಮೆ ಅನ್ನು," ಎಂದ. "ಈ ಸಲ ಚಂದಾಗಿ."

ಮಚ್ಛೇಂದ್ರ ಅಂದ. ಇಪ್ಪತ್ತು ವರ್ಷ ಮೂವರ ಧ್ವನಿಗೆ ಶ್ರುತಿ ಕೊಟ್ಟವನು, ತಪ್ಪಾಗಿ ಅನ್ನಲು ಅವನಿಗೆ ಬರುತ್ತಿರಲಿಲ್ಲ. ದೀಪ ಆರಿತು. ನರಸಿಂಗ ಎಡತುದಿಯ ಪಟ್ಟಿಯ ಮೇಲೆ ಬೆರಳಿಟ್ಟ. ಮಚ್ಛೇಂದ್ರನ ಧ್ವನಿ ಸ್ಪೀಕರಿನಿಂದ ಎದ್ದು, ಮೈದಾನ ದಾಟಿ, ಎದುರಿನ ಗೋಡೆಗೆ ಬಡಿದು ಬಂತು. ಭಾಳ ಛಲೋ ಬಂದದ ಮಾಮಾ, ಇನ್ನ ನೀವು ಕೆಳಗ ಹೋಗಿ ಆರಾಮ ಕುಂಡ್ರರಿ ಎಂದ ನರಸಿಂಗ, ಮೊದಲಿನ ಮರ್ಯಾದೆಯಲ್ಲೇ.

ಮುಂದಿನ ಸಾಲಿನ ಕುರ್ಚಿಗಳು ಊರಿನ ದೊಡ್ಡವರಿಗಾಗಿ ಇದ್ದವು. ಮಚ್ಛೇಂದ್ರ ಹಿಂದೆ, ಹೆಂಗಸರ ಜಮಖಾನೆಯ ಅಂಚಿನಲ್ಲಿ ಹರಿದ ಚಪ್ಪಲಿ ಬಿಚ್ಚಿಟ್ಟು ಕೂತ. ಕಾಶೀರಾಮ ಮೊದಲ ನುಡಿ ಎತ್ತಿದ, ಮುಗಿಸಿದ, ಉಸಿರು ತೆಗೆದುಕೊಂಡ. ಜೀ ಜೀ ರ ಜೀ ಎಂದಿತು ಧ್ವನಿ. ಮುಂದಿನ ನುಡಿಗೂ ಅಷ್ಟೇ ಎತ್ತರ, ಅದರ ಮುಂದಿನದಕ್ಕೂ ಅಷ್ಟೇ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಕತ್ತು ಉದ್ದ ಮಾಡಿ ವೇದಿಕೆಯ ಮೂಲೆ ಮೂಲೆ ಹುಡುಕಿ, ಕಡೆಗೆ ಇವನ ಮೊಣಕೈ ಮುಟ್ಟಿದಳು.

"ಹಿಂದ ಹಾಡ್ಲಕತ್ತಾವ ಯಾರಪಾ? ಕಾಣವಲ್ಲನಲ್ಲ."

ಗೊತ್ತಿಲ್ಲ ಎಂದ ಮಚ್ಛೇಂದ್ರ.